ಎಲ್‌ಪಿಸಿ2148 ಬೋರ್ಡಿನ ಸೀರಿಯಲ್ ಪೋರ್ಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ನಾಲ್ಕನೇ ಸೆಮಿಸ್ಟರಿನ ಪ್ರಯೋಗಾಲಯಕ್ಕೆ ಆರ್ಮ್7 ಕೋರ್ ಇರುವ ಎಲ್‌ಪಿಸಿ2148 ಚಿಪ್ಪನ್ನು ಗೊತ್ತುಮಾಡಲಾಗಿತ್ತು. ಚಿಪ್ಪಿನೊಳಗಿನ ಯುಆರ್ಟ್ (ಬೈಟನ್ನು ಬಿಟ್ ಬಿಟ್ಟಾಗಿ ಕಳುಹಿಸುವ ಮತ್ತು ಸ್ವೀಕರಿಸುವ ಭಾಗ) ಬಳಸಿ ‘ಹಲೋ ವರ್ಲ್ಡ್’ ಎಂಬ ಸಂದೇಶವನ್ನು ಕಂಪ್ಯೂಟರಿನ ಪರದೆಯ ಮೇಲೆ ತೋರಿಸುವುದು ಅಲ್ಲಿನ ಪ್ರಯೋಗಗಳಲ್ಲಿ ಒಂದು. ಕೇಳಲು ಬಹಳ ಸುಲಭವಾದ ಈ ಪ್ರಯೋಗದಲ್ಲಿಯೇ ವಿದ್ಯಾರ್ಥಿಗಳು ಹೆಚ್ಚು ಹೊತ್ತು ಸಿಕ್ಕಿಹಾಕಿಕೊಳ್ಳುವುದನ್ನು ನಾನು ವರ್ಷಗಳಿಂದ ನೋಡಿದ್ದೇನೆ. ಕಾರಣವೆಂದರೆ ಒಂದು ಅಕ್ಷರ ಪರದೆಗೆ ಬರಬೇಕಾದರೆ ತಂತಿ, ವೋಲ್ಟೇಜು, ಕಾಲ ಮತ್ತು ರಿಜಿಸ್ಟರ್ (ಚಿಪ್ಪಿನ ಭಾಗಗಳನ್ನು ನಿಯಂತ್ರಿಸುವ ಪುಟ್ಟ ಸ್ಮೃತಿಸ್ಥಾನ) ಈ ನಾಲ್ಕೂ ಒಟ್ಟಿಗೆ ಸರಿ ಇರಬೇಕು. ತಂತಿಯ ತಪ್ಪನ್ನು ಪ್ರೋಗ್ರಾಮಿನಲ್ಲಿ ಹುಡುಕುತ್ತಾ ಕುಳಿತರೆ ಅದು ಎಂದಿಗೂ ಸಿಗುವುದಿಲ್ಲ. ನನ್ನ ಬಳಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಆ ನಾಲ್ಕನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಈ ಬೋರ್ಡಿನಲ್ಲಿ ಎಷ್ಟು ಸೀರಿಯಲ್ ಪೋರ್ಟ್‌ಗಳಿವೆ?

‘ಸೀರಿಯಲ್ ಪೋರ್ಟ್’ ಎಂದು ನಾವು ದಿನನಿತ್ಯ ಹೇಳುವ ಅರ್ಥದಲ್ಲಿ ಎರಡು: ಯುಆರ್ಟ್0 ಮತ್ತು ಯುಆರ್ಟ್1. ಮೊದಲನೆಯದು ಪಿ0.0 ಪಿನ್ನಿನಿಂದ ಕಳುಹಿಸುತ್ತದೆ, ಪಿ0.1ರಲ್ಲಿ ಸ್ವೀಕರಿಸುತ್ತದೆ. ಎರಡನೆಯದಕ್ಕೆ ಪಿ0.8 ಮತ್ತು ಪಿ0.9 ಪಿನ್ನುಗಳು ಮೀಸಲಾಗಿದ್ದು, ಇವುಗಳ ಜೊತೆಗೆ ಪಿ0.10ರಿಂದ ಪಿ0.15ರವರೆಗೆ ಮೋಡೆಮ್ ನಿಯಂತ್ರಣದ ಆರು ಸಂಕೇತಗಳೂ ಅದಕ್ಕೆ ಲಭ್ಯವಿವೆ. ಎರಡಕ್ಕೂ ಕಳುಹಿಸುವ ಕಡೆ ಮತ್ತು ಸ್ವೀಕರಿಸುವ ಕಡೆ ತಲಾ 16 ಬೈಟ್‌ಗಳ ಫೈಫೋ (ಮೊದಲು ಬಂದದ್ದು ಮೊದಲು ಹೊರಹೋಗುವ ತಾತ್ಕಾಲಿಕ ಸಂಗ್ರಹ) ಇದೆ. ಒಂದಾದ ಮೇಲೊಂದು ಬಿಟ್ ಸಾಗುವುದೇ ಸೀರಿಯಲ್ ಎನ್ನುವುದಾದರೆ ಎರಡು ಐ2ಸಿ, ಒಂದು ಎಸ್‌ಪಿಐ, ಒಂದು ಎಸ್‌ಎಸ್‌ಪಿ ಮತ್ತು ಒಂದು ಯುಎಸ್‌ಬಿ ಕೂಡ ಲೆಕ್ಕಕ್ಕೆ ಬರುತ್ತವೆ, ಆದರೆ ಈ ಪುಟದ ವಿಷಯ ಬಹುಪಾಲು ಯುಆರ್ಟ್ ಮಾತ್ರ.

ಚಿಪ್ಪಿಗೂ ಒಂಬತ್ತು ಪಿನ್ನಿನ ಕನೆಕ್ಟರಿಗೂ ನಡುವೆ ಇರುವ ಚಿಕ್ಕ ಐಸಿ ಏಕೆ ಬೇಕು?

ಚಿಪ್ಪು ಮಾತನಾಡುವುದು 3.3 ವೋಲ್ಟಿನಲ್ಲಿ: ತಂತಿ 3.3 ವೋಲ್ಟಿನಲ್ಲಿದ್ದರೆ ಅದು ಒಂದು, ಸೊನ್ನೆ ವೋಲ್ಟಿನಲ್ಲಿದ್ದರೆ ಅದು ಸೊನ್ನೆ. 1960ರ ದಶಕದಲ್ಲಿ ರೂಪುಗೊಂಡ ಆರ್‌ಎಸ್-232 ಮಾನಕದಲ್ಲಿ ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ಒಂದು ಎಂದರೆ ಋಣ ವೋಲ್ಟೇಜು, ಸೊನ್ನೆ ಎಂದರೆ ಧನ ವೋಲ್ಟೇಜು. ಕಳುಹಿಸುವವನು 5ರಿಂದ 15 ವೋಲ್ಟ್ ಕೊಡಬೇಕು, ಸ್ವೀಕರಿಸುವವನು 3 ವೋಲ್ಟಿಗಿಂತ ಹೆಚ್ಚಿದ್ದುದನ್ನು ಗುರುತಿಸಬೇಕು. ಈ ಎರಡು ಲೋಕಗಳ ನಡುವಿನ ದುಭಾಷಿಯೇ ಮ್ಯಾಕ್ಸ್232 ಅಥವಾ ಮ್ಯಾಕ್ಸ್3232. ಅದರ ಸುತ್ತ ಇರುವ ನಾಲ್ಕು ಕೆಪಾಸಿಟರುಗಳು ಅಲಂಕಾರಕ್ಕಲ್ಲ. ಒಂದೇ ಧನ ವೋಲ್ಟೇಜಿನ ಪೂರೈಕೆಯಿಂದ ಋಣ ವೋಲ್ಟೇಜನ್ನು ಹುಟ್ಟಿಸುವ ಚಾರ್ಜ್ ಪಂಪ್ ಅವುಗಳ ಮೇಲೆಯೇ ನಿಂತಿದೆ. ಅವುಗಳಲ್ಲಿ ಒಂದು ಕೆಟ್ಟರೂ ಪೋರ್ಟ್ ಮೌನವಾಗಬಹುದು. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕನೆಕ್ಟರಿನ 5ನೇ ಪಿನ್ನಿಗೂ ಕೆಂಪು ಕಡ್ಡಿಯನ್ನು ಬೋರ್ಡ್ ಕಳುಹಿಸುವ ಪಿನ್ನಿಗೂ ಹಿಡಿದರೆ, ಏನೂ ಕಳುಹಿಸದೆ ಸುಮ್ಮನಿರುವಾಗ ಋಣ 5 ವೋಲ್ಟಿನಿಂದ ಋಣ 10 ವೋಲ್ಟಿನ ನಡುವಿನ ಓದು ಸಿಗಬೇಕು. ಸೊನ್ನೆಯ ಹತ್ತಿರದ ಓದು ಬಂದರೆ ಪ್ರೋಗ್ರಾಮನ್ನು ಮುಟ್ಟಬೇಡಿ, ಮೊದಲು ಆ ಐಸಿಯನ್ನು ನೋಡಿ.

ನನ್ನ ಲ್ಯಾಪ್‌ಟಾಪಿನಲ್ಲಿ ಆ ಕನೆಕ್ಟರೇ ಇಲ್ಲ. ಏನು ಮಾಡಬೇಕು?

ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ಬೇಕು. ಕೊಳ್ಳುವಾಗ ಅದರಲ್ಲಿ ಎರಡು ಜಾತಿಗಳಿವೆ ಎಂಬುದನ್ನು ನೆನಪಿಡಬೇಕು. ಒಂದರ ತುದಿಯಲ್ಲಿ ಒಂಬತ್ತು ಪಿನ್ನಿನ ಕನೆಕ್ಟರ್ ಇದ್ದು ಅದು ಆರ್‌ಎಸ್-232 ವೋಲ್ಟೇಜನ್ನು ಕೊಡುತ್ತದೆ. ಇದನ್ನು ಬೋರ್ಡಿನ ಕನೆಕ್ಟರಿಗೆ ಸಿಕ್ಕಿಸಬೇಕು. ಇನ್ನೊಂದು ಸಿಎಚ್340, ಸಿಪಿ2102 ಅಥವಾ ಎಫ್‌ಟಿ232 ಚಿಪ್ಪಿರುವ ಪುಟ್ಟ ಬೋರ್ಡು. ಅದರ ಪಿನ್ನುಗಳಲ್ಲಿ 3.3 ಅಥವಾ 5 ವೋಲ್ಟಿನ ಸಂಕೇತವಿರುತ್ತದೆ, ಅದನ್ನು ನೇರವಾಗಿ ಚಿಪ್ಪಿನ ಪಿ0.0 ಮತ್ತು ಪಿ0.1ಕ್ಕೆ ಜೋಡಿಸಬೇಕು. ಮೊದಲನೆಯ ಜಾತಿಯ ಅಡಾಪ್ಟರನ್ನು ನೇರ ಚಿಪ್ಪಿನ ಪಿನ್ನಿಗೆ ಜೋಡಿಸಿದರೆ ಋಣ ವೋಲ್ಟೇಜು ಒಳನುಗ್ಗಿ ಆ ಪಿನ್ನು ಸುಟ್ಟುಹೋಗುವ ಸಂಭವವಿದೆ.

ಎರಡನೆಯ ಜಾತಿಯದನ್ನು ಬಳಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಬೋರ್ಡಿನ ಮೇಲಿನ ಮ್ಯಾಕ್ಸ್232 ಕೂಡ ಪಿ0.1 ಪಿನ್ನನ್ನು ತನ್ನ ಕಡೆಯಿಂದ ನಡೆಸುತ್ತಿರುತ್ತದೆ. ಅಡಾಪ್ಟರೂ ಅದೇ ತಂತಿಯನ್ನು ಎಳೆಯತೊಡಗಿದರೆ ಇಬ್ಬರು ಒಂದೇ ಹಗ್ಗವನ್ನು ಎರಡು ಕಡೆಗೆ ಜಗ್ಗಿದಂತಾಗಿ ಅಕ್ಷರಗಳು ಕೆಡುತ್ತವೆ. ನಡುವಿನ ಜಂಪರನ್ನು (ಎರಡು ಪಿನ್ನುಗಳನ್ನು ಸೇರಿಸುವ, ಕೈಯಿಂದ ತೆಗೆಯಬಹುದಾದ ತುಂಡನ್ನು) ತೆಗೆದು ಒಬ್ಬನನ್ನು ಹೊರಗಿಡಿ. ಗ್ರೌಂಡ್ ತಂತಿಯನ್ನು ಮಾತ್ರ ಮರೆಯಬೇಡಿ. ಎರಡು ತಂತಿ ಸಾಕೆಂದು ಅದನ್ನು ಬಿಟ್ಟವರು ಬಹಳ ಮಂದಿ.

ಪರದೆಯ ಮೇಲೆ ಏನೂ ಬರುತ್ತಿಲ್ಲ. ಎಲ್ಲಿಂದ ಪರೀಕ್ಷೆ ಆರಂಭಿಸಬೇಕು?

ಕಂಪ್ಯೂಟರಿನ ಕಡೆಯಿಂದ. ಬೋರ್ಡನ್ನು ಬಿಚ್ಚಿಟ್ಟು, ಕೇಬಲ್ಲಿನ ತುದಿಯಲ್ಲಿ 2 ಮತ್ತು 3ನೇ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಟರ್ಮಿನಲ್ ಪ್ರೋಗ್ರಾಮಿನಲ್ಲಿ (ಸೀರಿಯಲ್ ಪೋರ್ಟಿಗೆ ಅಕ್ಷರ ಕಳುಹಿಸಿ, ಬಂದದ್ದನ್ನು ತೋರಿಸುವ ತಂತ್ರಾಂಶದಲ್ಲಿ) ಏನಾದರೂ ಒತ್ತಿ. ಒತ್ತಿದ ಅಕ್ಷರವೇ ಮರಳಿ ಬಂದರೆ ಪೋರ್ಟ್ ಸಂಖ್ಯೆ, ಡ್ರೈವರ್, ಕೇಬಲ್ ಮೂರೂ ಸರಿಯಾಗಿವೆ. ಬಾರದಿದ್ದರೆ ದೋಷ ಬೋರ್ಡಿನದಲ್ಲ. ಟರ್ಮಿನಲ್ಲಿನ ‘ಲೋಕಲ್ ಎಕೋ’ ಸೌಲಭ್ಯವನ್ನು ಮೊದಲು ಬಂದ್ ಮಾಡಿರಬೇಕು, ಇಲ್ಲವಾದರೆ ತಂತಿಯಿಲ್ಲದೆಯೂ ಅಕ್ಷರ ಕಾಣಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಲಿನಕ್ಸ್ ಬಳಸುವವರಿಗೆ ಪೋರ್ಟ್ ಕಾಣಿಸಿದರೂ ತೆರೆಯಲು ಅನುಮತಿ ಸಿಗದಿರಬಹುದು. ಉಬುಂಟು ಮತ್ತು ಡೆಬಿಯನ್‌ನಲ್ಲಿ ನಿಮ್ಮ ಖಾತೆಯನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಬಂದರೆ ಅದು ಸರಿಹೋಗುತ್ತದೆ.

ಅಕ್ಷರಗಳು ಬರುತ್ತಿವೆ, ಆದರೆ ಎಲ್ಲವೂ ಕಲಸುಮೇಲೋಗರವಾಗಿವೆ. ಏಕೆ?

ಇದು ಹತ್ತಕ್ಕೆ ಒಂಬತ್ತು ಸಲ ಕಾಲದ ದೋಷ. ಯುಆರ್ಟಿನಲ್ಲಿ ಗಡಿಯಾರದ ತಂತಿ ಇರುವುದಿಲ್ಲ. ಎರಡೂ ಕಡೆಯವರು ಒಂದು ಬಿಟ್ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. 9600 ಬಾಡ್ ಎಂದರೆ ಒಂದು ಬಿಟ್ಟಿಗೆ ಸುಮಾರು 104 ಮೈಕ್ರೊಸೆಕೆಂಡ್. ಸ್ವೀಕರಿಸುವವನು ಸ್ಟಾರ್ಟ್ ಬಿಟ್ಟಿನ ಅಂಚನ್ನು ಹಿಡಿದು, ಅಲ್ಲಿಂದ ಎಣಿಸುತ್ತಾ ಪ್ರತಿ ಬಿಟ್ಟಿನ ನಡುಮಧ್ಯದಲ್ಲಿ ನೋಡುತ್ತಾ ಹೋಗುತ್ತಾನೆ. ಎಂಟು ಬಿಟ್, ಒಂದು ಸ್ಟಾರ್ಟ್, ಒಂದು ಸ್ಟಾಪ್ ಸೇರಿ ಹತ್ತು ಬಿಟ್‌ಗಳಾಗುವುದರಿಂದ, ಇಬ್ಬರ ಎಣಿಕೆಯಲ್ಲಿ ಒಟ್ಟು ಶೇಕಡ 5ರಷ್ಟು ವ್ಯತ್ಯಾಸವಾದರೆ ಕೊನೆಯ ಬಿಟ್ಟಿಗೆ ಬರುವಷ್ಟರಲ್ಲಿ ಅರ್ಧ ಬಿಟ್ ಜಾರಿ, ನೋಡಬೇಕಾದ್ದರ ಬದಲು ಪಕ್ಕದ್ದನ್ನು ನೋಡಿದಂತಾಗುತ್ತದೆ. ಶೇಕಡ 2ರ ಒಳಗಿದ್ದರೆ ನೆಮ್ಮದಿ ಎಂಬುದು ನಾನು ಪಾಲಿಸುವ ನಿಯಮ.

ಈಗ ನಮ್ಮ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುವ 97 ಎಂಬ ಸಂಖ್ಯೆಗೆ ಬರೋಣ. ಸೂತ್ರ ಸರಳವಾಗಿದೆ: ಪೆರಿಫೆರಲ್ ಗಡಿಯಾರವನ್ನು (ಯುಆರ್ಟಿನಂತಹ ಒಳಭಾಗಗಳಿಗೆ ಸಿಗುವ ಗಡಿಯಾರದ ವೇಗವನ್ನು) 16ರಿಂದಲೂ ಬಾಡ್ ರೇಟಿನಿಂದಲೂ ಭಾಗಿಸಿದರೆ ಡಿವೈಸರ್ ಸಿಗುತ್ತದೆ. ಬೋರ್ಡಿನ ಕ್ರಿಸ್ಟಲ್ 12 ಮೆಗಾಹರ್ಟ್ಸ್. ಪಿಎಲ್‌ಎಲ್ ಅದನ್ನು ಐದರಿಂದ ಗುಣಿಸಿ 60 ಮಾಡುತ್ತದೆ. ವಿಪಿಬಿಡಿಐವಿ ರಿಜಿಸ್ಟರನ್ನು ಯಾರೂ ಮುಟ್ಟದಿದ್ದರೆ ಅದು ನಾಲ್ಕರಿಂದ ಭಾಗಿಸಿ ಪೆರಿಫೆರಲ್‌ಗಳಿಗೆ 15 ಮೆಗಾಹರ್ಟ್ಸ್ ಕೊಡುತ್ತದೆ. 1,50,00,000ವನ್ನು 16ರಿಂದಲೂ 9600ರಿಂದಲೂ ಭಾಗಿಸಿದರೆ 97.66. ಇದರಲ್ಲಿ ದಶಾಂಶವನ್ನು ಕತ್ತರಿಸಿ 97 ಎಂದು ಬರೆಯುವ ರೂಢಿ ಬಂದಿದೆ. ಆಗ ಸಿಗುವ ವೇಗ ಸುಮಾರು 9665, ದೋಷ ಶೇಕಡ 0.7. ನಿಜಕ್ಕೆ 98 ಇನ್ನೂ ಹತ್ತಿರದ್ದು, ಅದರ ದೋಷ ಇದರ ಅರ್ಧದಷ್ಟು. ಎರಡೂ ಕೆಲಸ ಮಾಡುತ್ತವೆ, ಆದರೆ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿಯದೆ ಬರೆಯುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಅದರ ಹಿಂದಿನ ಮೂರು ಅಂಶಗಳಲ್ಲಿ ಒಂದು ಬದಲಾದರೂ 97 ಸುಳ್ಳಾಗುತ್ತದೆ.

ಸಾಮಾನ್ಯವಾಗಿ ಬದಲಾಗುವುದು ಪಿಎಲ್‌ಎಲ್. ಪ್ರೋಗ್ರಾಮ್ ಬರೆದು ಕಂಪೈಲ್ ಮಾಡುವ ಕೈಲ್ ತಂತ್ರಾಂಶದಲ್ಲಿ ಹೊಸ ಪ್ರಾಜೆಕ್ಟ್ ತೆರೆದಾಗ ‘ಸ್ಟಾರ್ಟಪ್ ಫೈಲ್ ಸೇರಿಸಬೇಕೇ’ ಎಂದು ಅದು ಕೇಳುತ್ತದೆ. ‘ಹೌದು’ ಎಂದರೆ ಆ ಫೈಲೇ ಪಿಎಲ್‌ಎಲ್ಲನ್ನು ಚಾಲೂ ಮಾಡುತ್ತದೆ. ಬೇರೆ ಕಂಪೈಲರಿನಲ್ಲಿ ಪಿಎಲ್‌ಎಲ್ ಚಾಲೂ ಮಾಡದ ಸ್ವಂತ ಸ್ಟಾರ್ಟಪ್ ಬರೆದುಕೊಂಡವರ ಚಿಪ್ಪು 12 ಮೆಗಾಹರ್ಟ್ಸಿನಲ್ಲಿಯೇ ಓಡುತ್ತಿರುತ್ತದೆ, ಪೆರಿಫೆರಲ್‌ಗಳಿಗೆ ಸಿಗುವುದು 3 ಮೆಗಾಹರ್ಟ್ಸ್ ಮಾತ್ರ. ಅಲ್ಲಿ 97 ಹಾಕಿದರೆ ವೇಗ ಸುಮಾರು 1933 ಬಾಡ್ ಆಗುತ್ತದೆ, ಅಂದರೆ ಬೇಕಾದುದರ ಐದನೇ ಒಂದು ಭಾಗ. ಪರದೆಯಲ್ಲಿ ಕಸ ಬೀಳುವುದು ಸಹಜ. ಆಸಿಲೋಸ್ಕೋಪ್ ಇದ್ದರೆ ಪಿ0.0 ಪಿನ್ನಿನ ಮೇಲೆ ಅತಿ ಕಿರಿದಾದ ಒಂದು ಬಿಟ್ಟಿನ ಅಗಲವನ್ನು ಅಳೆಯಿರಿ. 104 ಮೈಕ್ರೊಸೆಕೆಂಡ್ ಇರಬೇಕಾದಲ್ಲಿ 517 ಕಂಡರೆ ರೋಗ ಸಿಕ್ಕಂತೆಯೇ.

115200 ಬಾಡ್‌ನಲ್ಲಿ ಓಡಿಸಬಹುದೇ?

ಓಡಿಸಬಹುದು. 15 ಮೆಗಾಹರ್ಟ್ಸಿನಲ್ಲಿ ಡಿವೈಸರ್ 8.14 ಬರುತ್ತದೆ, 8 ಎಂದು ಹಾಕಿದರೆ ದೋಷ ಶೇಕಡ 1.7. ಇದು ನನ್ನ ನೆಮ್ಮದಿಯ ಗೆರೆಯ ಅಂಚಿನಲ್ಲಿದೆ. ಎದುರಿನವನೂ ಒಂದಿಷ್ಟು ತಪ್ಪಿದರೆ ಸಂವಾದ ಮುರಿಯುತ್ತದೆ. ಈ ಚಿಪ್ಪಿನಲ್ಲಿ ಭಿನ್ನರಾಶಿಯ ಡಿವೈಡರ್ ಒಂದಿದೆ, ಅದನ್ನು ಬಳಸಿಕೊಳ್ಳಿ. ಡಿವೈಸರನ್ನು 6 ಎಂದಿಟ್ಟು, ಯು0ಎಫ್‌ಡಿಆರ್ ರಿಜಿಸ್ಟರಿನ ಮೇಲಿನ ನಾಲ್ಕು ಬಿಟ್‌ಗಳಲ್ಲಿ 14, ಕೆಳಗಿನ ನಾಲ್ಕರಲ್ಲಿ 5 ಹಾಕಿದರೆ ವೇಗ ಸುಮಾರು 1,15,132 ಆಗುತ್ತದೆ, ದೋಷ ಶೇಕಡ 0.06ಕ್ಕೆ ಇಳಿಯುತ್ತದೆ.

ಡಿವೈಸರ್ ಸರಿಯಾಗಿಯೇ ಇದೆ, ಆದರೂ ಮೊದಲ ಅಕ್ಷರ ಕಳುಹಿಸಿದ ಮೇಲೆ ಎಲ್ಲ ಕೆಡುತ್ತದೆ. ಇದೇನು?

ಯು0ಎಲ್‌ಸಿಆರ್ ರಿಜಿಸ್ಟರಿನ ಮೇಲ್ತುದಿಯ ಬಿಟ್ಟನ್ನು ನೀವು ಇಳಿಸಿಲ್ಲ. ಕಳುಹಿಸುವ ರಿಜಿಸ್ಟರ್, ಸ್ವೀಕರಿಸುವ ರಿಜಿಸ್ಟರ್ ಮತ್ತು ಡಿವೈಸರಿನ ಕೆಳಭಾಗ ಈ ಮೂರೂ ಒಂದೇ ವಿಳಾಸದಲ್ಲಿ ವಾಸಿಸುತ್ತವೆ; ಯಾವುದು ಬಾಗಿಲು ತೆರೆಯಬೇಕೆಂದು ತೀರ್ಮಾನಿಸುವುದು ಆ ಒಂದು ಬಿಟ್. ಮೊದಲು ಹೆಕ್ಸ್ 83 ಬರೆದು, ಡಿವೈಸರ್ ತುಂಬಿ, ಬಳಿಕ ಹೆಕ್ಸ್ 03 ಬರೆಯಲೇಬೇಕು. ಎರಡನೆಯದನ್ನು ಮರೆತರೆ ನೀವು ಕಳುಹಿಸಿದ ಇಂಗ್ಲಿಷ್ ‘ಎಚ್’ ಅಕ್ಷರದ ಸಂಕೇತವಾದ 72 ತಂತಿಗೆ ಹೋಗುವ ಬದಲು ಡಿವೈಸರ್ ಆಗಿ ಕುಳಿತುಬಿಡುತ್ತದೆ.

ಪ್ರೋಗ್ರಾಮ್ ಯಶಸ್ವಿಯಾಗಿ ಲೋಡ್ ಆಗುತ್ತದೆ, ಟರ್ಮಿನಲ್ ತೆರೆದ ಕೂಡಲೇ ಬೋರ್ಡ್ ಸತ್ತಂತಾಗುತ್ತದೆ. ಬೋರ್ಡ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಒಮ್ಮೆ ಇಬ್ಬರು ವಿದ್ಯಾರ್ಥಿನಿಯರು ಎರಡು ಮಧ್ಯಾಹ್ನ ಇದೇ ತೊಂದರೆಯೊಂದಿಗೆ ಗುದ್ದಾಡಿ, ಮೂರು ಬೋರ್ಡ್ ಬದಲಿಸಿ, ಕೊನೆಗೆ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಬಳಿ ಬಂದಿದ್ದರು. ಅವರ ಪ್ರೋಗ್ರಾಮಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಎಲ್‌ಇಡಿ ಮಿನುಗುವ ಒಂದು ಸಾಲನ್ನು ಸೇರಿಸಲು ಹೇಳಿ, ಟರ್ಮಿನಲ್ ತೆರೆಯಿರಿ ಎಂದೆ. ತೆರೆದ ಕ್ಷಣವೇ ಎಲ್‌ಇಡಿ ನಿಂತಿತು, ಮುಚ್ಚಿದ ಕೂಡಲೇ ಮತ್ತೆ ಮಿನುಗತೊಡಗಿತು. ಅದನ್ನು ಕಂಡು ಅವರೇ ಕಾರಣವನ್ನು ಹೇಳಿದರು.

ಪ್ರತಿ ಸಲ ಗುಂಡಿ ಒತ್ತುವ ಶ್ರಮ ತಪ್ಪಿಸಲೆಂದು ಅನೇಕ ಬೋರ್ಡುಗಳಲ್ಲಿ ಕನೆಕ್ಟರಿನ ಡಿಟಿಆರ್ ಎಂಬ ನಿಯಂತ್ರಣ ಸಂಕೇತವನ್ನು ಚಿಪ್ಪಿನ ರೀಸೆಟ್‌ಗೂ, ಆರ್‌ಟಿಎಸ್ ಸಂಕೇತವನ್ನು ಪಿ0.14 ಪಿನ್ನಿಗೂ ಜೋಡಿಸಿರುತ್ತಾರೆ. ಪ್ರೋಗ್ರಾಮನ್ನು ಚಿಪ್ಪಿಗೆ ಲೋಡ್ ಮಾಡುವ ಫ್ಲ್ಯಾಶ್ ಮ್ಯಾಜಿಕ್ ತಂತ್ರಾಂಶ ಇವೆರಡನ್ನೂ ಬಲ್ಲದು. ಸಾಮಾನ್ಯ ಟರ್ಮಿನಲ್ ಪ್ರೋಗ್ರಾಮ್ ಇದನ್ನು ಅರಿಯದೆ, ಪೋರ್ಟ್ ತೆರೆದ ತಕ್ಷಣ ಡಿಟಿಆರ್ ಎತ್ತಿ ಹಿಡಿದು ಚಿಪ್ಪನ್ನು ರೀಸೆಟ್‌ನಲ್ಲಿಯೇ ಕಟ್ಟಿಹಾಕುತ್ತದೆ. ಲೋಡ್ ಮಾಡಿದ ಮೇಲೆ ಆ ಎರಡು ಸಂಕೇತಗಳ ಜಂಪರುಗಳನ್ನು ತೆಗೆಯುವುದು ಅಥವಾ ಡಿಟಿಆರ್ ಮತ್ತು ಆರ್‌ಟಿಎಸ್‌ಗಳನ್ನು ಇಳಿಸಲು ಬರುವ ಟರ್ಮಿನಲ್ ಬಳಸುವುದು ಇದಕ್ಕೆ ಪರಿಹಾರ.

ಫ್ಲ್ಯಾಶ್ ಮ್ಯಾಜಿಕ್ ಬೋರ್ಡನ್ನೇ ಗುರುತಿಸುತ್ತಿಲ್ಲ. ಅಲ್ಲಿ ನಡೆಯುವುದೇನು?

ರೀಸೆಟ್ ಬಿಟ್ಟ ಗಳಿಗೆಯಲ್ಲಿ ಪಿ0.14 ತಗ್ಗಿನಲ್ಲಿದ್ದರೆ ಚಿಪ್ಪು ನಿಮ್ಮ ಪ್ರೋಗ್ರಾಮನ್ನು ಓಡಿಸದೆ ತನ್ನೊಳಗಿನ ಬೂಟ್‌ಲೋಡರನ್ನು (ಹೊಸ ಪ್ರೋಗ್ರಾಮನ್ನು ಸ್ವೀಕರಿಸುವ ಪ್ರೋಗ್ರಾಮನ್ನು) ಓಡಿಸುತ್ತದೆ. ಕಂಪ್ಯೂಟರ್ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಕಳುಹಿಸುತ್ತದೆ. ಅದರ ಬಿಟ್‌ಗಳ ಅಗಲವನ್ನು ಅಳೆದು ಚಿಪ್ಪು ವೇಗವನ್ನು ತಾನೇ ಕಂಡುಕೊಂಡು ‘ಸಿಂಕ್ರೊನೈಸ್ಡ್’ ಎಂದು ಉತ್ತರಿಸುತ್ತದೆ. ಕಂಪ್ಯೂಟರ್ ಅದೇ ಪದವನ್ನು ಮರಳಿ ಹೇಳಿ, ನಂತರ ಕ್ರಿಸ್ಟಲಿನ ವೇಗವನ್ನು ಕಿಲೋಹರ್ಟ್ಸಿನಲ್ಲಿ, ಅಂದರೆ 12000 ಎಂದು ತಿಳಿಸುತ್ತದೆ. ಈ ಮಾತುಕತೆ ಯುಆರ್ಟ್0ರಲ್ಲಿ ಮಾತ್ರ ನಡೆಯುವುದರಿಂದ ಕೇಬಲ್ ಎರಡನೆಯ ಕನೆಕ್ಟರಿನಲ್ಲಿದ್ದರೆ ಎಷ್ಟು ಪ್ರಯತ್ನಿಸಿದರೂ ಫಲವಿಲ್ಲ. ಫ್ಲ್ಯಾಶ್ ಮ್ಯಾಜಿಕ್‌ನ ಆಸಿಲೇಟರ್ ಅಂಕಣದಲ್ಲಿ 12 ಇದೆಯೇ ಎಂದೂ, ಇನ್ನೊಂದು ಟರ್ಮಿನಲ್ ಕಿಟಕಿ ಅದೇ ಪೋರ್ಟನ್ನು ಹಿಡಿದು ಕುಳಿತಿಲ್ಲವೇ ಎಂದೂ ನೋಡಿಕೊಳ್ಳಿ.

ಇದರ ವಿರುದ್ಧದ ತೊಂದರೆಯೂ ಉಂಟು: ಪಿ0.14 ಮೇಲಿದ್ದರೂ ಚಿಪ್ಪು ಬೂಟ್‌ಲೋಡರಿನಲ್ಲಿಯೇ ಉಳಿಯುವುದು. ಪ್ರೋಗ್ರಾಮಿನ ಮೊದಲ ಎಂಟು ವೆಕ್ಟರುಗಳ (ಆರಂಭದ ವಿಳಾಸಗಳಲ್ಲಿರುವ ಸಂಖ್ಯೆಗಳ) ಮೊತ್ತ ಸೊನ್ನೆಯಾಗುವಂತೆ ಹೆಕ್ಸ್ 14ರ ವಿಳಾಸದಲ್ಲಿ ಒಂದು ಸಂಖ್ಯೆ ಇರಬೇಕು. ಇಲ್ಲದಿದ್ದರೆ ಅಲ್ಲಿ ಪ್ರೋಗ್ರಾಮೇ ಇಲ್ಲವೆಂದು ಚಿಪ್ಪು ಭಾವಿಸುತ್ತದೆ. ಫ್ಲ್ಯಾಶ್ ಮ್ಯಾಜಿಕ್ ಅದನ್ನು ತಾನಾಗಿ ತುಂಬುತ್ತದೆ, ಜೆಟ್ಯಾಗ್ ಎಂಬ ಇನ್ನೊಂದು ಪೋರ್ಟಿನ ಮೂಲಕ ಬರೆಯುವವರು ತಾವೇ ನೋಡಿಕೊಳ್ಳಬೇಕಾಗಬಹುದು.

ಸಾಲುಗಳು ಮೆಟ್ಟಿಲಿನಂತೆ ಓರೆಯಾಗಿ ಇಳಿಯುತ್ತವೆ. ಸರಿಪಡಿಸುವುದು ಹೇಗೆ?

ಹೊಸ ಸಾಲಿನ ಸಂಕೇತಕ್ಕೆ ಮುಂಚೆ ಕ್ಯಾರೇಜ್ ರಿಟರ್ನ್, ಅಂದರೆ 13 ಎಂಬ ಸಂಕೇತವನ್ನೂ ಕಳುಹಿಸಿ.

ಜಿಪಿಎಸ್ ಮಾಡ್ಯೂಲಿನಿಂದ ಬರುವ ವಾಕ್ಯಗಳಲ್ಲಿ ನಡುನಡುವೆ ಅಕ್ಷರಗಳು ಕಾಣೆಯಾಗುತ್ತಿವೆ. ಕಾರಣವೇನು?

ಜಿಪಿಎಸ್‌ನ ಒಂದು ವಾಕ್ಯ 82 ಅಕ್ಷರಗಳವರೆಗೆ ಇರಬಹುದು. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸುಮಾರು ಒಂದು ಮಿಲಿಸೆಕೆಂಡ್ ಹಿಡಿಯುತ್ತದೆ, ಹಾಗಾಗಿ 16 ಬೈಟಿನ ಫೈಫೋ 17 ಮಿಲಿಸೆಕೆಂಡಿನೊಳಗೆ ತುಂಬಿಹೋಗುತ್ತದೆ. ನಿಮ್ಮ ಪ್ರೋಗ್ರಾಮ್ ಅದೇ ಹೊತ್ತಿನಲ್ಲಿ ಎಲ್‌ಸಿಡಿಗೆ ಬರೆಯುತ್ತಾ 20 ಅಥವಾ 50 ಮಿಲಿಸೆಕೆಂಡಿನ ಡಿಲೇ ಲೂಪಿನಲ್ಲಿ ಸುತ್ತುತ್ತಿದ್ದರೆ, ಮುಂದೆ ಬಂದ ಅಕ್ಷರಗಳಿಗೆ ನಿಲ್ಲಲು ಜಾಗವಿರುವುದಿಲ್ಲ.

ಇದಕ್ಕೆ ಡಿಲೇ ಕಡಿಮೆ ಮಾಡುವುದು ತೇಪೆ ಹಚ್ಚಿದಂತೆ. ಸ್ವೀಕಾರವನ್ನು ಇಂಟರಪ್ಟಿಗೆ (ಅಕ್ಷರ ಬಂದಾಗ ಚಿಪ್ಪು ಕೈಲಿದ್ದ ಕೆಲಸ ಬಿಟ್ಟು ಓಡಿಸುವ ಭಾಗಕ್ಕೆ) ವರ್ಗಾಯಿಸುವುದೇ ಸರಿಯಾದ ದಾರಿ. ಇಂಟರಪ್ಟ್ ನಿಯಂತ್ರಕದಲ್ಲಿ ಯುಆರ್ಟ್0 ಆರನೆಯ ಸಾಲಿನಲ್ಲಿಯೂ ಯುಆರ್ಟ್1 ಏಳನೆಯ ಸಾಲಿನಲ್ಲಿಯೂ ಇವೆ. ಫೈಫೋದಲ್ಲಿ 1, 4, 8 ಅಥವಾ 14 ಬೈಟ್ ತುಂಬಿದಾಗ ಕರೆ ಬರುವಂತೆ ಗೊತ್ತುಮಾಡಬಹುದು. ನಾನು 8ನ್ನು ಆರಿಸುತ್ತೇನೆ, ಏಕೆಂದರೆ ಕರೆಗೆ ಓಗೊಡಲು ತಡವಾದರೂ ಇನ್ನು ಎಂಟು ಬೈಟಿನ ಅವಕಾಶ ಉಳಿದಿರುತ್ತದೆ. ವಾಕ್ಯದ ಕೊನೆಯಲ್ಲಿ ಎಂಟು ತುಂಬದೆ ಮೂರೋ ನಾಲ್ಕೋ ಅಕ್ಷರಗಳು ಉಳಿದರೆ, ಸುಮಾರು ನಾಲ್ಕು ಅಕ್ಷರಗಳ ಹೊತ್ತು ಸುಮ್ಮನಿದ್ದುದನ್ನು ಕಂಡು ಚಿಪ್ಪೇ ಕರೆಯುತ್ತದೆ. ಬಂದ ಬೈಟ್‌ಗಳನ್ನು ಒಂದು ವರ್ತುಲ ಬಫರಿಗೆ ಹಾಕಿ ಕೂಡಲೇ ಹೊರಬನ್ನಿ, ಅರ್ಥೈಸುವ ಕೆಲಸ ಮುಖ್ಯ ಲೂಪಿನಲ್ಲಿರಲಿ. ಹೊರಬರುವಾಗ ವಿಐಸಿವೆಕ್ಟ್‌ಅಡ್ರ್ ರಿಜಿಸ್ಟರಿಗೆ ಸೊನ್ನೆ ಬರೆಯದಿದ್ದರೆ ಎರಡನೆಯ ಇಂಟರಪ್ಟ್ ಬರುವುದೇ ಇಲ್ಲ.

ಅಕ್ಷರ ಕಳೆದಾಗ ಯು0ಎಲ್‌ಎಸ್‌ಆರ್ ರಿಜಿಸ್ಟರಿನಲ್ಲಿ ಓವರ್‌ರನ್ ಬಿಟ್ ಏಳುತ್ತದೆ, ಆದರೆ ಆ ರಿಜಿಸ್ಟರನ್ನು ಒಮ್ಮೆ ಓದಿದರೆ ದೋಷದ ಗುರುತುಗಳು ಅಳಿಸಿಹೋಗುತ್ತವೆ. ‘ಡೇಟಾ ಬಂದಿದೆಯೇ’ ಎಂದು ಮಾತ್ರ ನೋಡುವ ಲೂಪ್ ಈ ಸಾಕ್ಷ್ಯವನ್ನು ಗೊತ್ತಿಲ್ಲದೆಯೇ ನಾಶಮಾಡುತ್ತಿರುತ್ತದೆ. ಓದಿದ ಮೌಲ್ಯವನ್ನು ಒಂದು ಚರದಲ್ಲಿ ಇಟ್ಟುಕೊಂಡು ಎಲ್ಲ ಬಿಟ್‌ಗಳನ್ನೂ ಅದರಿಂದಲೇ ಪರೀಕ್ಷಿಸಿ.

ಸೀರಿಯಲ್ ಪೋರ್ಟಿನ ಮೂಲಕ ಕನ್ನಡವನ್ನು ಕಳುಹಿಸಬಹುದೇ?

ಖಂಡಿತವಾಗಿ ಕಳುಹಿಸಬಹುದು. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಯುಆರ್ಟಿಗೆ ಭಾಷೆ ತಿಳಿಯದು, ಅದು ಸಾಗಿಸುವುದು ಎಂಟು ಬಿಟ್‌ಗಳ ಬೈಟನ್ನು ಮಾತ್ರ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ’ ಎಂಬುದು ಹೆಕ್ಸ್‌ನಲ್ಲಿ ಇ0, ಬಿ2, 95. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ವಿರಾಮವೂ ಸೇರಿ ಐದು ಸಂಕೇತಗಳಿರುವುದರಿಂದ 15 ಬೈಟ್ ಆಗುತ್ತದೆ, 9600 ಬಾಡ್‌ನಲ್ಲಿ ಅದು 16 ಮಿಲಿಸೆಕೆಂಡಿನೊಳಗೆ ಪರದೆ ಸೇರುತ್ತದೆ. ಸೋರ್ಸ್ ಫೈಲನ್ನು ಯುಟಿಎಫ್-8 ಆಗಿ ಉಳಿಸಿರಬೇಕು, ಟರ್ಮಿನಲ್ ಕೂಡ ಯುಟಿಎಫ್-8ಕ್ಕೆ ಹೊಂದಿಕೊಂಡಿರಬೇಕು, ಮತ್ತು ಡೇಟಾ ಬಿಟ್‌ಗಳ ಸಂಖ್ಯೆ 8 ಇರಲೇಬೇಕು. ತಪ್ಪಿ 7 ಎಂದಿಟ್ಟರೆ ಪ್ರತಿ ಬೈಟಿನ ಮೇಲಿನ ಬಿಟ್ ಕತ್ತರಿಸಿಹೋಗಿ, ‘ಕ’ ಬರಬೇಕಾದಲ್ಲಿ ಓರೆಯಾದ ಒಂದು ಉದ್ಧರಣ ಚಿಹ್ನೆ, 2 ಎಂಬ ಅಂಕಿ ಮತ್ತು ಕಣ್ಣಿಗೆ ಕಾಣದ ಒಂದು ನಿಯಂತ್ರಣ ಸಂಕೇತ ಬರುತ್ತವೆ.

ಬೋರ್ಡಿನಿಂದ ಜಿಎಸ್‌ಎಂ ಮೋಡೆಮ್ ಮೂಲಕ ಕನ್ನಡ ಸಂದೇಶ ಕಳುಹಿಸುವಾಗ ಲೆಕ್ಕ ಬೇರೆ. ಅಲ್ಲಿ ಯುಸಿಎಸ್2 ಬಳಸಬೇಕು: ಪ್ರತಿ ಸಂಕೇತಕ್ಕೆ ಎರಡು ಬೈಟ್, ಒಂದು ಸಂದೇಶದಲ್ಲಿ 70 ಸಂಕೇತಗಳು. ‘ಕ’ ಎಂಬುದನ್ನು 0ಸಿ95 ಎಂಬ ನಾಲ್ಕು ಹೆಕ್ಸ್ ಅಕ್ಷರಗಳಾಗಿ ಕಳುಹಿಸಬೇಕು. ಪಂಪ್‌ಸೆಟ್ಟಿಗೆ ಕರೆಂಟ್ ಬಂದದ್ದನ್ನು ರೈತರ ಫೋನಿಗೆ ತಿಳಿಸುವ ಪ್ರಾಜೆಕ್ಟನ್ನು ಮಾಡುವವರು ಸಂದೇಶವನ್ನು ಇಂಗ್ಲಿಷಿನಲ್ಲಿಯೇ ಬಿಟ್ಟುಬಿಡುವುದನ್ನು ಕಂಡಿದ್ದೇನೆ. ಅರ್ಧ ದಿನದ ಕೆಲಸದಿಂದ ಅದನ್ನು ಓದುವವರ ಭಾಷೆಗೆ ತರಬಹುದು. ಮೋಡೆಮ್ ಪ್ರಸಾರ ಮಾಡುವ ಕ್ಷಣದಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ, ಆದ್ದರಿಂದ ಅದಕ್ಕೆ ಪ್ರತ್ಯೇಕ ವಿದ್ಯುತ್ ಪೂರೈಕೆ ಕೊಟ್ಟು ಗ್ರೌಂಡನ್ನು ಮಾತ್ರ ಬೋರ್ಡಿನೊಂದಿಗೆ ಸೇರಿಸಿ.

ಐ2ಸಿ1 ಮತ್ತು ಯುಆರ್ಟ್1 ಎರಡನ್ನೂ ಒಟ್ಟಿಗೆ ಬಳಸಬಹುದೇ?

ಕಳುಹಿಸುವ ಮತ್ತು ಸ್ವೀಕರಿಸುವ ಎರಡೇ ಪಿನ್ನು ಸಾಕಾದರೆ ಬಳಸಬಹುದು. ಐ2ಸಿ1ರ ಪಿನ್ನುಗಳು ಪಿ0.11 ಮತ್ತು ಪಿ0.14, ಅಂದರೆ ಯುಆರ್ಟ್1ರ ಮೋಡೆಮ್ ನಿಯಂತ್ರಣದ ಸಿಟಿಎಸ್ ಮತ್ತು ಡಿಸಿಡಿ ಪಿನ್ನುಗಳೇ. ಪಿ0.14ರ ಮೇಲೆ ಯಾವ ಸಾಧನವಾದರೂ ರೀಸೆಟ್ ಹೊತ್ತಿನಲ್ಲಿ ತಂತಿಯನ್ನು ತಗ್ಗಿಸಿ ಹಿಡಿದರೆ ಬೋರ್ಡ್ ಬೂಟ್‌ಲೋಡರಿಗೆ ಹೋಗಿಬಿಡುತ್ತದೆ. ಐ2ಸಿ0 ಖಾಲಿ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ನೂರು ಮೀಟರ್ ದೂರದ ಎನರ್ಜಿ ಮೀಟರನ್ನು ಓದಬೇಕಾಗಿದೆ. ಇದೇ ಪೋರ್ಟ್ ಸಾಕೇ?

ಚಿಪ್ಪಿನ ಯುಆರ್ಟ್ ಸಾಕು, ಆರ್‌ಎಸ್-232 ಸಾಲದು. ಅದು ಹದಿನೈದು ಮೀಟರಿನ ಆಸುಪಾಸಿಗೆ ಯೋಚಿಸಿದ ಮಾನಕ. ಮ್ಯಾಕ್ಸ್232ರ ಜಾಗದಲ್ಲಿ ಆರ್‌ಎಸ್-485 ಟ್ರಾನ್ಸೀವರ್ (ದೂರದ ತಂತಿಗೆ ಕಳುಹಿಸುವ ಮತ್ತು ಅದರಿಂದ ಸ್ವೀಕರಿಸುವ ಐಸಿ) ಹಾಕಿ, ಹೆಣೆದ ಜೋಡಿ ತಂತಿ ಎಳೆದು, ಸಾಲಿನ ಎರಡು ತುದಿಗಳಿಗೆ 120 ಓಮಿನ ರೆಸಿಸ್ಟರ್ ಕೊಡಿ.

ಇಲ್ಲಿ ಒಂದೇ ಜೋಡಿ ತಂತಿಯಲ್ಲಿ ಎರಡೂ ದಿಕ್ಕಿನ ಸಂಚಾರ ನಡೆಯುವುದರಿಂದ, ಕಳುಹಿಸಿ ಮುಗಿದ ಕೂಡಲೇ ಟ್ರಾನ್ಸೀವರನ್ನು ಕೇಳುವ ಸ್ಥಿತಿಗೆ ತಿರುಗಿಸಬೇಕು. ಮುಗಿಯಿತೆಂದು ತಿಳಿಯಲು ಯು1ಎಲ್‌ಎಸ್‌ಆರ್ ರಿಜಿಸ್ಟರಿನ 5ನೇ ಬಿಟ್ಟನ್ನು ನೋಡುವ ಅಭ್ಯಾಸ ನಮ್ಮ ಪ್ರಯೋಗಾಲಯದ ಪ್ರೋಗ್ರಾಮುಗಳಿಂದ ಬಂದಿರುತ್ತದೆ, ಆದರೆ ಅದು ಹೇಳುವುದು ಫೈಫೋ ಖಾಲಿಯಾಗಿದೆ ಎಂದು ಮಾತ್ರ. ಕೊನೆಯ ಬೈಟ್ ಆಗ ಇನ್ನೂ ಶಿಫ್ಟ್ ರಿಜಿಸ್ಟರಿನಿಂದ ಬಿಟ್ ಬಿಟ್ಟಾಗಿ ಹೊರಹೋಗುತ್ತಿರುತ್ತದೆ. ಆಗಲೇ ದಿಕ್ಕು ತಿರುಗಿಸಿದರೆ ಆ ಬೈಟಿನ ಬಾಲ ತುಂಡಾಗುತ್ತದೆ. ಇಂಥ ಮೀಟರುಗಳು ಬಳಸುವ ಮಾಡ್‌ಬಸ್ ಎಂಬ ಸಂವಹನ ನಿಯಮದಲ್ಲಿ ಕೊನೆಯ ಬೈಟ್ ಪರಿಶೀಲನಾ ಸಂಖ್ಯೆಯ ಭಾಗವಾದ್ದರಿಂದ ಮೀಟರು ಇಡೀ ಪ್ರಶ್ನೆಯನ್ನೇ ತಿರಸ್ಕರಿಸಿ ಸುಮ್ಮನಾಗುತ್ತದೆ. 6ನೇ ಬಿಟ್ ಏಳುವವರೆಗೆ ಕಾದು, ಆಮೇಲೆ ತಿರುಗಿಸಿ.